ಭಸ್ಮದ ಚೀಲ

ದಾನೇಶ್ವರಿ ಗೋಣಿಚೀಲದ ಬಾಯಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಕತ್ತರಿ ಯಾವ ಚೀಲ ಸೇರಿದೆಯೋ ಗೊತ್ತಿರಲಿಲ್ಲ. ಸುತಳಿಯನ್ನು ಹಲ್ಲಿನಲ್ಲಿ ಕಚ್ಚಿ, ಉಗುರಿನಿಂದ ಎಳೆದು, ಬಿಚ್ಚಿದಷ್ಟನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಈ ಹೊಲಿಗೆ ಹಾಕಿದವಳು ಅಂಬವ್ವ, ಅವಳ ಅತ್ತೆ. ನಿನ್ನೆ ಸಂಜೆಯವರೆಗೂ ದಬ್ಬಣ ಹಿಡಿದು ಚೀಲ ಹೊಲಿದವಳನ್ನು ಇವತ್ತು ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ. ಈಗ ಅವಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮೈ ತೊಳೆಯಲು ಒಂದು ಕೊಡ ಬೇಕಾಗಿತ್ತು. ಕೊಡ ಈ ಚೀಲದಲ್ಲಿತ್ತು.

ಇವತ್ತು ಮನೆ ಬಿಡುವ ದಿನ. ಸುರಪುರದ ಈ ಬಾಡಿಗೆ ಮನೆಯಿಂದ ಶಹಾಪುರಕ್ಕೆ ಹೋಗುವುದಿತ್ತು. ಅಂಬವ್ವನ ಮಗ ಶರಣಕುಮಾರ ಅಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಹಾಕಿದ್ದ. ಪಕ್ಕದ ಮನೆಯ ಆಸೀಫನ ಗೂಡ್ಸ್ ಗಾಡಿ ಅರ್ಧ ಸಾಮಾನು ಹೇರಿಕೊಂಡು ಬಾಗಿಲ ಮುಂದೆಯೇ ನಿಂತಿತ್ತು. ಬಂದವರಿಗೆ ಹಾಸಲು ಒಂದು ಚಾಪೆಯೂ ಹೊರಗಿರಲಿಲ್ಲ. ಅಳಲು ಬಂದ ಹೆಂಗಸರು ಗಂಟುಗಳ ಮೇಲೆಯೇ ಕೂತು ಅಳುತ್ತಿದ್ದರು.

ಆಸೀಫನ ತಾಯಿ ಖುರ್ಷೀದಬೇಗಂ ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದಳು. "ನೋಡ್ರಿ, ನಮಗ ಕೂಡಾಕ ಜಾಗಾ ಸುದ್ದಾ ಇಡದಂಗ ಎಲ್ಲಾ ಕಟ್ಟಿ ಹೋಗ್ಯಾಳ," ಎಂದು ಕಣ್ಣೊರೆಸಿಕೊಂಡಳು. ಒಬ್ಬಿಬ್ಬರಿಗೆ ನಗು ಬಂತು. ನಕ್ಕವರೇ ಮತ್ತೆ ಅತ್ತರು.

ದಾನೇಶ್ವರಿ ನಗಲಿಲ್ಲ, ದನಿ ತೆಗೆದು ಅಳಲೂ ಇಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಬೋನಾಳದಿಂದ ಈ ಮನೆಗೆ ಸೊಸೆಯಾಗಿ ಬಂದವಳು. ನಾಲ್ಕು ಜನ ಸೇರಿದ ಕಡೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಕೊಡ ಸಿಕ್ಕಿತು. ನೀರು ತುಂಬಲು ಹಿತ್ತಿಲಿಗೆ ಹೋದಳು.

ಬಿಸಿಲೇರುವ ಹೊತ್ತಿಗೆ ಹುಣಸಗಿಯಿಂದ ಅಂಬವ್ವನ ಮಗಳು ಗುರುದೇವಿ, ಅವಳ ಗಂಡ ಮತ್ತು ಮಾವ ಬಸವಣ್ಣ ಬಂದರು. ಬಸವಣ್ಣನವರದು ಹುಣಸಗಿಯಲ್ಲಿ ದೊಡ್ಡ ಗೊಬ್ಬರದ ಅಂಗಡಿ. ಗುರುದೇವಿ ತಾಯಿಯ ಮೊಣಕಾಲು ಹಿಡಿದು ಅತ್ತದ್ದು ಹಿತ್ತಿಲಿಗೂ ಕೇಳಿಸಿತು.

ಬಿದಿರಿನ ವಿಮಾನ ಕಟ್ಟಿ, ಅಂಬವ್ವನನ್ನು ಅದರಲ್ಲಿ ಕೂಡಿಸಿ, ಭಜನೆಯವರು ಮುಂದಾಗಿ ಓಣಿ ದಾಟಿದಾಗಲೇ ದಾನೇಶ್ವರಿ ಅದನ್ನು ನೋಡಿದ್ದು. ಎಲ್ಲರಿಗಿಂತ ಮುಂದೆ ಬಸವಣ್ಣನವರು ನಡೆಯುತ್ತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಿಳಿ ಬಟ್ಟೆಯ ಒಂದು ಚೀಲವನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದಿದ್ದರು.

ಅವಳ ಪಕ್ಕದಲ್ಲಿ ಗುರುದೇವಿ ಓಣಿಯ ಹೆಂಗಸೊಬ್ಬಳಿಗೆ ಹೇಳುತ್ತಿದ್ದಳು. ಕ್ರಿಯೆ ಮಾಡಿಸಲು ಬಂದ ಅಯ್ಯನವರ ಡಬ್ಬಿಯಲ್ಲಿದ್ದ ವಿಭೂತಿ ಹಣೆಗಷ್ಟೇ ಸಾಕಾಗುತ್ತಿತ್ತು, ಮಣ್ಣು ಮಾಡುವ ಕುಣಿಗೆ ಬೇರೆ ಬೇಕಾಗಿತ್ತು. ತಮ್ಮ ಶರಣಕುಮಾರ ಬಜಾರಿಗೆ ಹೊರಟಿದ್ದ, ತಾನೇ ತಡೆದಳಂತೆ. ಅವ್ವ ಮೊನ್ನೆಯೇ ಫೋನಿನಲ್ಲಿ ಹೇಳಿದ್ದಳಲ್ಲ.

"ಭಸ್ಮದ ಚೀಲ ಬಾಗಲ ಹಿಂದ ಇಟ್ಟೀನಿ, ನಾ ಹೋಗೂವಾಗ ಅದು ನನ್ನ ಕೂಡ ಬರಬೇಕು ಅಂದಿದ್ದಳ್ರಿ. ತನ್ನ ಸಾವು ತನಗ ಗೊತ್ತಾಗಿತ್ತು ನಮ್ಮವ್ವಗ."

ಆ ಹೆಂಗಸು ಕೆನ್ನೆ ಮುಟ್ಟಿಕೊಂಡಳು. ದಾನೇಶ್ವರಿಯ ಕಾಲು ನಿಂತಿತು. ಹಿಂದಿನವರು ಅವಳನ್ನು ಮುಂದಕ್ಕೆ ನೂಕಿದರು.

*

ಹೋದ ವಾರ ಹಿತ್ತಿಲಿನ ನೀರೊಲೆಯ ಮುಂದೆ ಅಂಬವ್ವ ಹಳೆಯ ಧೋತರದ ತುಂಡು ಹಿಡಿದು ಸಗಣಿ ಕುಳ್ಳಿನ ಬೂದಿ ಸೋಸುತ್ತಿದ್ದಳು. ಹಾರಿದ ಬೂದಿಗೆ ಹುಬ್ಬೆಲ್ಲ ಬೆಳ್ಳಗಾಗಿತ್ತು. ಶಹಾಪುರದ ಮನೆ ಮೇಲಿನ ಮಾಳಿಗೆಯದು, ಅಲ್ಲಿ ಗ್ಯಾಸು ಬಿಟ್ಟರೆ ಒಲೆಯೆಂಬುದಿಲ್ಲ ಎಂದು ತಿಳಿದ ದಿನದಿಂದ ಅವಳು ಈ ಕೆಲಸ ಹಚ್ಚಿಕೊಂಡಿದ್ದಳು. ಬೇರೆ ಸಾಮಾನೆಲ್ಲ ಆಮೇಲೆ, ಮೊದಲು ಬೂದಿ.

ಅಲ್ಲಿ ಭಾಂಡೆ ತೊಳೆಯುವ ಸಾಬೂನು ಸಿಗುತ್ತದೆ ಎಂದು ದಾನೇಶ್ವರಿ ಮೆಲ್ಲಗೆ ಹೇಳಿ ನೋಡಿದಳು.

"ಸಾಬೂನು ಹಚ್ಚಾಕ ಅವೇನು ಕುರ್ತಾ ಪಾಯಿಜಾಮೇನು?" ಎಂದಳು ಅಂಬವ್ವ. "ನನ್ನ ಭಾಂಡಿ ಎಲ್ಲಾ ಲಿಂಗವಂತ್ರವ್ವ. ಭಸ್ಮ ಹಚ್ಚಿಕೊಳ್ಳದ ಹೊರಗ ಬರಂಗಿಲ್ಲ."

ದಾನೇಶ್ವರಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಈ ಹಾಸ್ಯ ಅತ್ತೆ ಸೊಸೆಯ ನಡುವಿನದು, ಗುರುದೇವಿ ಲಗ್ನವಾಗಿ ಹೋದ ಮೇಲೆ ಹುಟ್ಟಿದ್ದು. ಅವತ್ತಿನಿಂದ ಮನೆಯಲ್ಲಿ ಬೂದಿಗೆ ಬೂದಿ ಎಂದವರಿಲ್ಲ. ಭಸ್ಮ ತಾ, ಭಸ್ಮ ತೀರ್‍ಯಾದ, ಆ ಕಡಾಯಿಗಿ ಭಸ್ಮ ಹಚ್ಚಿ ಇಡು.

ಅಂಬವ್ವ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಭಾಂಡೆ ತಿಕ್ಕಿ ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಗಂಡ ಬೇಗ ತೀರಿಕೊಂಡಿದ್ದ. ಹುಣಸಗಿಯ ಸಂಬಂಧ ಬಂದಾಗ ಗುರುದೇವಿ ತನ್ನ ತಾಯಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ಹೇಳಿಬಿಟ್ಟಿದ್ದಳು. ಅಂಬವ್ವ ಅದಕ್ಕೆ ಸಿಟ್ಟಾಗಲಿಲ್ಲ. "ನನ್ನ ಮಗಳು ನನಗ ಪರಮೋಶನ್ ಕೊಟ್ಟಾಳ ನೋಡು, ಭಾಂಡಿಯಿಂದ ರೊಟ್ಟಿಗಿ," ಎಂದು ಸೊಸೆಗೆ ಹೇಳಿ ನಗುತ್ತಿದ್ದಳು. ಆದರೆ ಬಸವಣ್ಣನವರು ಮನೆಗೆ ಬಂದಾಗಲೆಲ್ಲ ಕೈ ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದಳು. ರೊಟ್ಟಿ ಬಡಿದವರ ಕೈ ಹಾಗೆ ಒಡೆದಿರುವುದಿಲ್ಲ.

ಸೋಸಿದ ಬೂದಿಯನ್ನು ಅದೇ ಧೋತರದ ಚೀಲ ಹೊಲಿದು ತುಂಬಿದಳು. ತಿಕ್ಕಲೆಂದು ತೆಂಗಿನ ನಾರಿನ ಒಂದು ಉಂಡೆಯನ್ನೂ ಅದರಲ್ಲೇ ತುರುಕಿ, ಬಾಯಿ ಕಟ್ಟಿ, ಬಾಗಿಲ ಹಿಂದೆ ಇಟ್ಟಳು.

*

ರುದ್ರಭೂಮಿಯವರೆಗೂ ದಾನೇಶ್ವರಿ ಯಾರಿಗೆ ಹೇಳಲಿ ಎಂದು ನೋಡುತ್ತಲೇ ನಡೆದಳು. ಗಂಡ ವಿಮಾನಕ್ಕೆ ಹೆಗಲು ಕೊಟ್ಟಿದ್ದ. ಖುರ್ಷೀದಬೇಗಂ ಮೆರವಣಿಗೆಯ ಕೊನೆಯಲ್ಲಿ ಬರುತ್ತಿದ್ದಳು. ಗುರುದೇವಿಗೆ ಹೇಳಬೇಕೆಂದರೆ ಅವಳ ಪಕ್ಕದಲ್ಲಿ ಈಗ ಅವಳ ಗಂಡನೇ ನಡೆಯುತ್ತಿದ್ದ. ಹೇಳಿದರೆ ನಾದಿನಿಯ ಇಷ್ಟು ವರ್ಷದ ರೊಟ್ಟಿಯ ಮಾತು ಬೀದಿಯಲ್ಲಿ ಬೀಳುತ್ತದೆ. ಹೇಳದಿದ್ದರೆ ಅತ್ತೆ ಮುಸುರೆಯ ಬೂದಿ ಮೈಮೇಲೆ ಸುರಿಸಿಕೊಂಡು ಮಣ್ಣಿಗೆ ಹೋಗುತ್ತಾಳೆ. ನಾಲ್ಕು ಸಲ ಬಾಯಿ ತೆರೆದಳು. ಭಜನೆಯ ತಾಳ ಜೋರಾಗಿತ್ತು.

ಕುಣಿಯ ಗೂಡಿನಲ್ಲಿ ಅಂಬವ್ವನನ್ನು ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟರು. ಕುಣಿಯೊಳಗೆ ನಿಂತಿದ್ದ ಅಯ್ಯನವರು, ರೇವಣಸಿದ್ದಯ್ಯನವರು, ಮೇಲಕ್ಕೆ ಕೈ ಚಾಚಿದರು. ಬಸವಣ್ಣನವರು ಬಾಗಿ, ಚೀಲವನ್ನು ಹಣೆಗೆ ಒತ್ತಿಕೊಂಡು ಕೊಟ್ಟರು. ಅಯ್ಯನವರು ಗಂಟಿಗೆ ಕೈ ಹಾಕಿದರು.

"ಅಜ್ಜಾರ, ತಡೀರಿ."

ಯಾರ ದನಿಯೆಂದು ಯಾರಿಗೂ ತಿಳಿಯಲಿಲ್ಲ. ಶರಣಕುಮಾರನಿಗೂ ಕ್ಷಣ ತಿಳಿಯಲಿಲ್ಲ.

"ಯಾಕವ್ವ?" ಎಂದರು ಅಯ್ಯನವರು.

ದಾನೇಶ್ವರಿ ಗುರುದೇವಿಯ ಕಡೆ ನೋಡಿದಳು, ಆಮೇಲೆ ನೆಲ ನೋಡಿದಳು. "ಅದು ಈಬತ್ತಿ ಅಲ್ರಿ. ಭಾಂಡಿ ತಿಕ್ಕೋ ಬೂದಿರಿ. ಅತ್ತಿ ಅದಕ್ಕ ಭಸ್ಮ ಅಂತಿದ್ದಳು."

ಅಯ್ಯನವರು ಗಂಟು ಬಿಚ್ಚಿದರು. ನಾರಿನ ಉಂಡೆ ಅವರ ಅಂಗೈಗೆ ಬಂತು. ಅದರ ಬೆನ್ನಿಗೆ ಒಂದಿಷ್ಟು ಬೂದಿ ಅಂಬವ್ವನ ಮಡಿಲಿಗೆ ಉದುರಿತು.

ಬಸವಣ್ಣನವರು ತಮ್ಮ ಎದೆಯ ಮೇಲಿನ ಬೂದಿ ನೋಡಿಕೊಂಡರು. ಅದನ್ನು ಕೊಡವಿಕೊಳ್ಳಬೇಕೋ ಬೇಡವೋ ಅವರಿಗೆ ಹೊಳೆಯಲಿಲ್ಲ. ಗುರುದೇವಿ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಇಷ್ಟು ಮಂದ್ಯಾಗ, ಇವತ್ತೇ ಬಾಯಿ ಬಂತೇನು ನಿನಗ?"

ನಿಜವಾದ ವಿಭೂತಿ ದೇವರ ಜಗಲಿಯ ಸಾಮಾನಿನ ಜೊತೆಗಿತ್ತು. ಆ ಚೀಲ ಗಾಡಿಯಲ್ಲಿ ಎಲ್ಲಿದೆ, ಅದರ ಬಾಯಿಗೆ ಯಾವ ಬಣ್ಣದ ದಾರ ಎಂಬುದನ್ನು ದಾನೇಶ್ವರಿ ಆಸೀಫನಿಗೆ ತಗ್ಗಿದ ದನಿಯಲ್ಲೇ ಹೇಳಿದಳು. ಅವನು ಯಾರದೋ ಬೈಕು ತೆಗೆದುಕೊಂಡು ಹೋದ. ಉಳಿದವರು ಬೇವಿನ ನೆರಳಿಗೆ ಸರಿದರು. ಗುರುದೇವಿ ಮಾವನಿಂದ ದೂರ, ಬೆನ್ನು ಮಾಡಿ ಕೂತಳು.

ಖುರ್ಷೀದಬೇಗಂ, "ಇಕಿ ಬೂದಿಯಿಂದ ಕಲಾಯಿಯವನ ಹೊಟ್ಟಿ ಉರೀತಿತ್ರಿ," ಎಂದು ಶುರು ಮಾಡಿದಳು. ರಮಜಾನ್ ಬಂದರೆ ತಾನು ತಾಮ್ರದ ಹಂಡೆ ಹೊತ್ತು ಅಂಬವ್ವನ ಹಿತ್ತಿಲಿಗೇ ಬರುತ್ತಿದ್ದುದು, ಅವಳು ತಿಕ್ಕಿಕೊಟ್ಟ ಹಂಡೆಯಲ್ಲಿ ತನ್ನ ಗಂಡ ಮುಖ ನೋಡಿಕೊಂಡು ಗಡ್ಡ ಕತ್ತರಿಸಿಕೊಂಡದ್ದು, ಓಣಿಯವರೆಲ್ಲ ಒಂದೊಂದು ಬಟ್ಟಲು ಹಿಡಿದು ಬೂದಿ ಕೇಳಲು ನಿಲ್ಲುತ್ತಿದ್ದುದು, ಎಲ್ಲ ಹೇಳಿದಳು.

"ನಾನೂ ಇಕಿ ಇದ್ದ ಖಾನಾವಳ್ಯಾಗ ಉಂಡೀನಿ," ಎಂದರು ಕುಣಿಯ ಅಂಚಿನಲ್ಲಿ ಕೂತಿದ್ದ ರೇವಣಸಿದ್ದಯ್ಯನವರು. "ರೊಟ್ಟಿ ಒಂದೊಂದು ದಿನ ಸೀದಿರತಿತ್ತು. ತಾಟು ಮಾತ್ರ ಬೆಳ್ಳಿ ಇದ್ದಂಗ."

ಬಸವಣ್ಣನವರು ತಲೆ ಎತ್ತಿದರು. ಏನೋ ಕೇಳುವವರಂತೆ ಸೊಸೆಯ ಬೆನ್ನು ನೋಡಿದರು.

ಆಸೀಫ ಬಂದ. ಅಯ್ಯನವರು ಮತ್ತೆ ಇಳಿದು, ಅಂಬವ್ವನ ಮಡಿಲಿನ ಬೂದಿಯನ್ನು ವಸ್ತ್ರದಿಂದ ಒರೆಸಿ, ವಿಭೂತಿ ಹಚ್ಚಿ, ಉಳಿದದ್ದನ್ನು ಪತ್ರೆಯ ಜೊತೆ ಸುತ್ತಲೂ ಸುರಿದರು. ಎಲ್ಲ ಬೆಳ್ಳಗೆ, ಸರಿಯಾಗಿ ಆಯಿತು. ಧೋತರದ ಚೀಲ ಮಣ್ಣಿನ ಗುಡ್ಡೆಯ ಮೇಲೆ ಬಾಯಿ ತೆರೆದು ಬಿದ್ದಿತ್ತು.

"ಅದನ್ನ ಅತ್ತಾಗ ಮುಳ್ಳಕಂಟಿಯಾಗ ಒಗದು ಬಾರೋ," ಎಂದಳು ಗುರುದೇವಿ ತಮ್ಮನಿಗೆ.

ಶರಣಕುಮಾರ ಚೀಲ ಎತ್ತಿಕೊಂಡ. ದಾನೇಶ್ವರಿ ಎದುರು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಗಂಡಸರ ನಡುವೆ ಹಾದು ಕುಣಿಯ ಅಂಚಿಗೆ ಬಂದು ಕೂತಳು. ಅವಳ ಕಾಲ ಕೆಳಗಿನ ಮಣ್ಣು ಸ್ವಲ್ಪ ಜಾರಿ ಒಳಗೆ ಬಿತ್ತು. ಅಂಬವ್ವನ ಬಲಗೈ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು. ಬೆಳಿಗ್ಗೆ ಅಷ್ಟು ತೊಳೆದರೂ ಬೆರಳ ಬಿರುಕುಗಳಲ್ಲಿ ಕಪ್ಪು ಹಾಗೇ ಇತ್ತು.

ದಾನೇಶ್ವರಿ ಚೀಲದ ಬಾಯಿಯನ್ನು ಮತ್ತೆ ಗಂಟು ಹಾಕಿ ಕಟ್ಟಿದಳು. ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಚಾಚಿದಳು.

"ಅಜ್ಜಾರ, ಇದನ್ನೂ ಅತ್ತಿ ಕೂಡ ಇಡ್ರಿ."

ರೇವಣಸಿದ್ದಯ್ಯನವರು ಶರಣಕುಮಾರನ ಮುಖ ನೋಡಿದರು. ಶರಣಕುಮಾರ ಅಕ್ಕನ ಮುಖ ನೋಡಿದ. ಗುರುದೇವಿ ತಾಯಿಯ ಕೈ ನೋಡುತ್ತಿದ್ದಳು. ಸಲಿಕೆ ಹಿಡಿದವರು ಮಣ್ಣು ಎತ್ತದೆ ನಿಂತರು. ದಾನೇಶ್ವರಿ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.