ಹಸಿರು ತಾರಸಿ

“ಸರಾಸರಿ ಬೇಡ ಮೇಡಂ. ಕನಿಷ್ಠ ಎಷ್ಟು ಬರುತ್ತೆ, ಅದನ್ನ ಹೇಳಿ.”

ಕಂಪ್ಯೂಟರ್ ಜೋಡಿಸುವವಳು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತೂವರೆಗೆ ಬಂದ ಗಿರಾಕಿ. ಮಧ್ಯೆ ಊಟಕ್ಕೆ ಹೋಗಿ ಮತ್ತೆ ಬಂದಿದ್ದಾನೆ. ಈಗ ಮೂರೂಕಾಲು.

“ವಿಮಾನದ ಆಟಕ್ಕೆ ತಾನೆ ಸರ್?”

“ಆಟ ಅಲ್ಲ. ಸಿಮ್ಯುಲೇಟರ್.”

“ಅದೇ.”

ಅದೇ ಅಲ್ಲ ಎಂದು ಅವನು ವಾದಿಸಲಿಲ್ಲ. ವಾದ ಅವನಿಗೆ ಒಗ್ಗುವುದಿಲ್ಲ. ಅವನ ಉದ್ಯೋಗ ತಕ್ಕಡಿಗಳದ್ದು. ಇಪ್ಪತ್ತೆರಡು ವರ್ಷಗಳಿಂದ ಅಂಗಡಿ ಅಂಗಡಿ ಸುತ್ತಿ, ತಕ್ಕಡಿಯ ಮೇಲೆ ಸರ್ಕಾರದ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು, ಸರಿ ಇದ್ದರೆ ಮುದ್ರೆ ಒತ್ತುತ್ತಾನೆ. ಹತ್ತು ಕಿಲೋ ಇಟ್ಟಾಗ ಸರಿ ತೋರಿಸುವುದೇನೂ ದೊಡ್ಡ ವಿಷಯವಲ್ಲ. ಐವತ್ತು ಗ್ರಾಂ ಇಟ್ಟಾಗ ತಕ್ಕಡಿಯ ಬಣ್ಣ ಬಯಲಾಗುತ್ತದೆ.

ಕಂಪ್ಯೂಟರಿನದೂ ಅದೇ ಹಣೆಬರಹ. ಸಮುದ್ರದ ಮೇಲೆ, ಖಾಲಿ ಆಕಾಶದಲ್ಲಿ, ಯಾವ ಡಬ್ಬವಾದರೂ ಸೆಕೆಂಡಿಗೆ ಅರವತ್ತು ಚಿತ್ರ ತೋರಿಸೀತು. ಊರಿನ ಮೇಲೆ ತಗ್ಗಿನಲ್ಲಿ ಹಾರುವಾಗ, ಮನೆಗಳು ಒತ್ತೊತ್ತಾಗಿ ಬರುವಾಗ, ಮೂವತ್ತಕ್ಕಿಂತ ಕೆಳಗಿಳಿಯಬಾರದು. ಇಳಿದರೆ ವಿಮಾನ ತಡವರಿಸುತ್ತದೆ. ತಡವರಿಸಿದ ಕೂಡಲೇ ತಾನು ಕುರ್ಚಿಯಲ್ಲಿ ಕೂತಿದ್ದೇನೆಂದು ನೆನಪಾಗಿಬಿಡುತ್ತದೆ.

ಮೇಜಿನ ಮೇಲೆ ಎರಡು ಯಂತ್ರಗಳಿದ್ದವು. ಒಂದಕ್ಕೆ ಗಾಜಿನ ಮೈ, ಒಳಗೆ ಬಣ್ಣದ ದೀಪಗಳು, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್, ಆದರೆ ಸಾಧಾರಣ ಪ್ರೊಸೆಸರ್. ಇನ್ನೊಂದು ಬರೀ ಕಪ್ಪು ಪೆಟ್ಟಿಗೆ, ಮಧ್ಯಮ ಕಾರ್ಡ್, ಪ್ರೊಸೆಸರ್ ಮಾತ್ರ ಗಟ್ಟಿ. ಮೂರು ತಿಂಗಳಿಂದ ಅವನು ಈ ಎರಡರ ನಡುವೆ ಮೀನಮೇಷ ಎಣಿಸುತ್ತಿದ್ದ. ಪ್ಯಾಂಟಿನ ಜೇಬಿನಲ್ಲಿ ಹೋಲಿಕೆಯ ಪಟ್ಟಿ ಇತ್ತು, ಮಡಿಕೆಗಳಲ್ಲಿ ಹರಿದುಹೋಗುವಷ್ಟು ಹಳೆಯದು.

ಅಂಗಿಯ ಜೇಬಿನಲ್ಲಿ ಇನ್ನೊಂದು ಕಾಗದ. ಅದರ ವಯಸ್ಸು ಒಂದೇ ದಿನ.

ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿದ್ದ ಹೆಂಡತಿಗೆ ಬಡ್ತಿ ಸಿಕ್ಕಿತ್ತು, ಬೇರೆ ಊರಿಗೆ. ಸೋಮವಾರ ಹೋಗಿ ಸೇರಬೇಕು. ಮಗಳು ಅಮ್ಮನ ಜೊತೆ ಹೊರಟು ನಿಂತಿದ್ದಾಳೆ, ಶಾಲೆಯೂ ಗೊತ್ತಾಗಿದೆ. ಅಲ್ಲಿನ ಕ್ವಾರ್ಟರ್ಸಿಗಾಗಿ ಇವತ್ತೇ ಇಲ್ಲಿನ ಆಫೀಸಿಗೆ ಕೊಡಬೇಕಾದ ಅರ್ಜಿಯಲ್ಲಿ ಹೆಂಡತಿ ಎಲ್ಲ ತುಂಬಿಸಿ, ‘ವಾಸಿಸುವವರ ಸಂಖ್ಯೆ’ ಎಂಬಲ್ಲಿ ಮಾತ್ರ ಜಾಗ ಬಿಟ್ಟು, ಬೆಳಿಗ್ಗೆ ಅವನ ತಟ್ಟೆಯ ಪಕ್ಕ ಇಟ್ಟಿದ್ದಳು.

“ಎರಡೋ ಮೂರೋ ನೀವೇ ಬರೀರಿ. ನಿಮ್ಮನ್ನ ಎಳ್ಕೊಂಡು ಹೋಗೋಕೆ ನನ್ನ ಕೈಲಿ ಆಗಲ್ಲ. ಬಿಟ್ಟು ಹೋಗೋಕೂ ಮನಸ್ಸು ಬರ್ತಿಲ್ಲ.”

“ಸಂಜೆ ಹೊತ್ತಿಗೆ ನೋಡೋಣ.”

“ಸಂಜೆ ಅಂದ್ರೆ ಐದು. ಆಮೇಲೆ ಆಫೀಸು ಮುಚ್ಚುತ್ತೆ.”

ಮಗಳು ಶೂಸಿನ ಲೇಸು ಕಟ್ಟಿಕೊಳ್ಳುತ್ತ ತಲೆ ಎತ್ತದೆ ಹೇಳಿದಳು: “ಬಿಡಮ್ಮ, ಕ್ಯಾಪ್ಟನ್ ಇನ್ನೂ ರನ್‌ವೇ ಹುಡುಕ್ತಿದ್ದಾರೆ.”

ಅಮ್ಮ ಮಗಳು ಇಬ್ಬರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಹೋಗಬಾರದೆಂದೇನೂ ಇರಲಿಲ್ಲ. ವರ್ಗಾವಣೆ ಕೇಳಿದರೆ ಸಿಗುತ್ತಿತ್ತು. ಇರಬೇಕೆಂದೂ ಇರಲಿಲ್ಲ. ಅವನಿಗೆ ಗಾಬರಿಯಾದದ್ದೇ ಅಲ್ಲಿ: ಹೆಂಡತಿ, ಮಗಳು, ಮನೆ ಎಂದು ಒಂದೊಂದಾಗಿ ನೆನೆದುಕೊಂಡರೂ ಒಳಗಿನ ಮುಳ್ಳು ಎಳ್ಳಷ್ಟೂ ಅಲುಗಲಿಲ್ಲ. ಮುಳ್ಳು ಅಲುಗದ ತಕ್ಕಡಿ ಕೆಟ್ಟಿರಬೇಕು, ಇಲ್ಲವೇ ತಟ್ಟೆಯಲ್ಲಿ ಏನೂ ಇರಬಾರದು. ಎರಡರಲ್ಲಿ ಯಾವುದೆಂದು ತಿಳಿಯುವ ಕುತೂಹಲ ಅವನಿಗಿತ್ತು. ನಾಚಿಕೆಯಾಗುವಷ್ಟು ಇತ್ತು.

ಅದಕ್ಕೆ ಬಸ್ಸಿನಲ್ಲಿ ಬರುತ್ತಲೇ ಒಂದು ಪರೀಕ್ಷೆ ನಿಗದಿ ಮಾಡಿಕೊಂಡಿದ್ದ. ಯಾರಿಗೂ ಹೇಳುವಂಥದ್ದಲ್ಲ. ಇವತ್ತು ಯಂತ್ರದಲ್ಲಿ ತನ್ನ ಊರಿನ ಮೇಲೆಯೇ ಹಾರಿ, ಮೇಲಿನಿಂದ ತನ್ನ ಮನೆ ನೋಡಬೇಕು. ನೋಡಿದಾಗ ಒಳಗೆ ಏನಾದರೂ ಮಿಸುಕಿದರೆ ಮೂರು ಎಂದು ಬರೆಯುವುದು. ಇಲ್ಲದಿದ್ದರೆ ಎರಡು.

“ಎಲ್ಲಿಂದ ಹಾರಿಸೋಣ ಸರ್?” ಅವಳು ಗಾಜಿನ ಮೈಯ ಯಂತ್ರದ ಮುಂದೆ ಕುರ್ಚಿ ಎಳೆದಿಟ್ಟಳು. “ಹಿಮದ ಬೆಟ್ಟ ಇದೆ. ದ್ವೀಪಗಳಿವೆ. ಎಲ್ಲರೂ ಅದನ್ನೇ ಕೇಳೋದು.”

“ಇದೇ ಊರು.”

“ಇಲ್ಲೇನಿದೆ ನೋಡೋಕೆ?”

“ಸುಮ್ನೆ. ಮನೆಗಳು ಒತ್ತಾಗಿವೆಯಲ್ಲ, ಪರೀಕ್ಷೆಗೆ ಒಳ್ಳೇದು.”

ವಿಮಾನ ಮೇಲೆದ್ದಿತು. ಅಬ್ಬಾ, ಎಂದುಕೊಂಡ. ತಿಂಗಳುಗಟ್ಟಲೆ ಓದಿದ್ದೇ ಬೇರೆ, ಇದೇ ಬೇರೆ. ಬಸ್ ನಿಲ್ದಾಣ ಬೆಂಕಿಪೊಟ್ಟಣದಷ್ಟಾಗಿತ್ತು. ಸಂತೆಯ ಬೀದಿ ಬಂತು, ಅಲ್ಲಿನ ಒಂದೊಂದು ತಕ್ಕಡಿಯೂ ಅವನಿಗೆ ಗೊತ್ತು. ಮಗಳ ಶಾಲೆ ಬಂತು, ಆಸ್ಪತ್ರೆಯ ಉದ್ದನೆಯ ಕಟ್ಟಡ ಬಂತು. ಅವನಿಗೆ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು. ಪರದೆಯ ಮೂಲೆಯಲ್ಲಿ ಸಂಖ್ಯೆ ನಲವತ್ತೊಂದು, ಮೂವತ್ತಮೂರು, ಇಪ್ಪತ್ತೊಂಬತ್ತು ಎಂದು ಇಳಿಯುತ್ತಿತ್ತು. ವಿಮಾನ ಒಮ್ಮೆ ತಡವರಿಸಿ ಮತ್ತೆ ಸರಿಹೋಯಿತು.

ನೀರಿನ ಟ್ಯಾಂಕು. ಅಲ್ಲಿಂದ ಎಡಕ್ಕೆ ಮೂರನೆಯ ತಿರುವು. ಮೂಲೆಯಲ್ಲಿ ನಿವೃತ್ತ ಮೇಷ್ಟ್ರ ಎರಡಂತಸ್ತಿನ ಮನೆ, ನಂತರ ದರ್ಜಿಯ ಹೆಂಚಿನ ಮನೆ, ನಂತರ ತನ್ನದು.

ತನ್ನದು ಇರಲಿಲ್ಲ.

ದರ್ಜಿಯ ಮನೆಗೂ ಆಚೆಯ ಹೊಸ ಕಟ್ಟಡಕ್ಕೂ ನಡುವೆ ಎಂಟೊಂಬತ್ತು ಮರಗಳು ನಿಂತಿದ್ದವು. ದಾರಿ ತಪ್ಪಿದೆನೇನೋ ಎಂದು ಮತ್ತೆ ಟ್ಯಾಂಕಿನವರೆಗೆ ಹೋಗಿ ಬಂದ. ಮೇಷ್ಟ್ರು, ದರ್ಜಿ, ಮರಗಳು.

“ಮೇಡಂ, ಇಲ್ಲೊಂದು ಮನೆ ಇರಬೇಕಿತ್ತು.”

ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿದಳು. “ಆ ಮನೆ ತಾರಸಿಗೆ ಹಸಿರು ಬಣ್ಣ ಬಳಿದಿದ್ದಾರಾ?”

“ಹೌದು. ಏನೀಗ?”

“ಅದೇ ಮತ್ತೆ. ಉಪಗ್ರಹದಿಂದ ತೆಗೆದ ಫೋಟೋ ನೋಡಿ ಈ ಪ್ರೋಗ್ರಾಂ ತಾನೇ ಊಹೆ ಮಾಡಿ ಊರು ಕಟ್ಟುತ್ತೆ. ಕೆಂಪು ಕಂಡ್ರೆ ಹೆಂಚು, ಬೂದು ಕಂಡ್ರೆ ಕಾಂಕ್ರೀಟು. ಹಸಿರು ಕಂಡ್ರೆ ಮರ ನೆಡುತ್ತೆ. ಅದಕ್ಕೇನು ಗೊತ್ತು ಪಾಪ, ಕೆಳಗೆ ಜನ ಇದ್ದಾರೆ ಅಂತ.” ಅವಳು ನಕ್ಕಳು. “ಯಾರದ್ದು ಸರ್ ಮನೆ?”

“ಪರಿಚಯದವರದ್ದು.”

ನಾಲ್ಕು ವರ್ಷದ ಹಿಂದಿನ ಬೇಸಿಗೆ ಅದು. ಮನೆಯೊಳಗೆ ಕೂರಲಾಗದಷ್ಟು ಸೆಖೆ. ಬಿಳಿ ಬಣ್ಣ ಬಳಿಸಿ, ತಣ್ಣಗಿರುತ್ತೆ ಎಂದು ಹೆಂಡತಿ ಹೇಳಿದ್ದಳು. ಅವನು ಹನ್ನೊಂದು ಬಗೆಯ ಬಣ್ಣಗಳ ಪಟ್ಟಿ ಮಾಡಿ, ಯಾವುದು ಎಷ್ಟು ಶಾಖ ತಡೆಯುತ್ತದೆಂದು ಓದಿ, ಕೊನೆಗೆ ಬಿಳಿಯೇ ಸರಿ ಎಂದು ತೀರ್ಮಾನಿಸಿ ಅಂಗಡಿಗೆ ಹೋಗುವ ಹೊತ್ತಿಗೆ ಬಿಳಿ ಖಾಲಿಯಾಗಿತ್ತು. ಹಸಿರು ಮಾತ್ರ ಉಳಿದಿತ್ತು. ಮೂರು ದಿನ ತಾನೇ ನಿಂತು ಬಳಿದಿದ್ದ, ಒಂದು ಮೂಲೆಯನ್ನೂ ಬಿಡದೆ. ಹೆಂಡತಿ ಮೇಲೆ ಬಂದು ನೋಡಿ, ಚೆನ್ನಾಗಿದೆ ಬಿಡಿ ಎಂದು ಹೇಳಿ ಹೋಗಿದ್ದಳು.

“ಆ ಇನ್ನೊಂದರಲ್ಲಿ ಹಾಕಿ ನೋಡೋಣ,” ಅಂದ.

“ಅದರಲ್ಲೂ ಮರಾನೇ ಬರುತ್ತೆ ಸರ್.”

“ಪರವಾಗಿಲ್ಲ.”

ಕಪ್ಪು ಪೆಟ್ಟಿಗೆಯಲ್ಲಿ ವಿಮಾನ ಬೆಣ್ಣೆಯಂತೆ ಸಾಗಿತು. ಸಂಖ್ಯೆ ನಲವತ್ತನಾಲ್ಕರಿಂದ ಕೆಳಗಿಳಿಯಲಿಲ್ಲ. ಟ್ಯಾಂಕು, ಎಡಕ್ಕೆ, ಮೂರನೆಯ ತಿರುವು. ಇಲ್ಲಿ ಮರಗಳು ಇನ್ನೂ ಚೆನ್ನಾಗಿದ್ದವು. ಒಂದೊಂದಕ್ಕೂ ನೆರಳಿತ್ತು. ಅವನು ತನ್ನೊಳಗೆ ಕಿವಿಗೊಟ್ಟ. ಮನೆ ಕಂಡಾಗ ಏನಾಗುತ್ತದೆ ಎಂಬುದು ಪರೀಕ್ಷೆಯಾಗಿತ್ತು. ಮನೆಯೇ ಕಾಣದಿದ್ದರೆ ಏನೆಂದು ಅವನು ಗೊತ್ತುಮಾಡಿಕೊಂಡಿರಲಿಲ್ಲ.

ನಾಲ್ಕೂವರೆಗೆ ಫೋನು ಬಂತು.

“ಬರೆದ್ರಾ?” ಹೆಂಡತಿ ಕೇಳಿದಳು.

“ನೋಡ್ತಿದ್ದೀನಿ.”

“ಇನ್ನೂ ಏನು ನೋಡ್ತೀರಿ?”

“ಎಲ್ಲಿದ್ದೀಯ ನೀನು?”

“ಮನೇಲಿ. ತಾರಸಿ ಮೇಲೆ, ಒಣಗಿದ ಬಟ್ಟೆ ತೆಗೀತಿದ್ದೀನಿ. ಯಾಕೆ?”

ಅವನು ಪರದೆಗೆ ಇನ್ನಷ್ಟು ಬಾಗಿದ. ವಿಮಾನವನ್ನು ಕೆಳಕ್ಕಿಳಿಸಿದ. ಎಲೆಗಳ ನಡುವೆ ಎಲ್ಲಿಯಾದರೂ ಒಬ್ಬರು ನಿಲ್ಲುವಷ್ಟು ಸಂದು ಇದೆಯೇ ಎಂದು ಹುಡುಕಿದ.

“ಏನ್ರೀ, ಕೇಳಿಸ್ತಾ? ನೀವು ಈಗ ಹೊರಟ್ರೆ ಇಬ್ಬರೂ ಸೇರಿ ಹೋಗಿ ಕೊಟ್ಟು ಬರಬಹುದು. ನಾನು ರೆಡಿ ಇದ್ದೀನಿ.” ಅವಳ ದನಿ ಸಣ್ಣಗಾಯಿತು. “ಮೂರು ಅಂತ ಬರೆದ್ರೆ ಏನೂ ಆಗಲ್ಲ ಕಣ್ರೀ.”

“ಅಲ್ಲೇ ಇರು,” ಅಂದ.

“ಎಲ್ಲಿ?”

“ತಾರಸಿ ಮೇಲೇನೇ. ಒಂದು ನಿಮಿಷ.”

ಅವಳು ಕಾದಳು. ಫೋನಿನಲ್ಲಿ ಗಾಳಿಗೆ ಬಟ್ಟೆ ಬಡಿದುಕೊಳ್ಳುವ ಸದ್ದು ಬರುತ್ತಿತ್ತು. ಅವನು ಆಟೊಪೈಲಟ್ ಒತ್ತಿ ಕೈ ಬಿಟ್ಟ. ವಿಮಾನ ಒಂದು ಬದಿಗೆ ವಾಲಿ, ಮೇಷ್ಟ್ರ ಮನೆ, ದರ್ಜಿಯ ಮನೆ ದಾಟಿ, ಮರಗಳ ಸುತ್ತ ತಿರುಗತೊಡಗಿತು.

“ಇದನ್ನೇ ಪ್ಯಾಕ್ ಮಾಡ್ಲಾ ಸರ್?” ಜೋಡಿಸುವವಳು ಕೇಳಿದಳು. “ಎಲ್ಲೂ ತಡವರಿಸ್ತಿಲ್ಲ ನೋಡಿ.”

ಇನ್ನೊಂದು ಸುತ್ತು, ಎಂದು ಅವನು ಬೆರಳೆತ್ತಿ ತೋರಿಸಿದ. ಫೋನಿನಲ್ಲಿ ಬಟ್ಟೆಯ ಸದ್ದು ನಿಂತಿತ್ತು, ಜೇಬಿನ ಅರ್ಜಿಯಲ್ಲಿ ಆ ಜಾಗ ಇನ್ನೂ ಖಾಲಿಯೇ ಇತ್ತು. ವಿಮಾನದ ಪುಟ್ಟ ನೆರಳು ದರ್ಜಿಯ ಹೆಂಚಿನ ಮೇಲೆ ಹರಿದು, ಮರಗಳೊಳಗೆ ಹೋಗಿ, ಆಚೆ ಬಂತು. ನಲವತ್ತನಾಲ್ಕು. ನಲವತ್ತನಾಲ್ಕು. ನಲವತ್ತನಾಲ್ಕು.