ವಾರ್ಡಿಗೆ ಹೋದ ಎಲೆಗಳು

ಹೆರಿಗೆ ಆಸ್ಪತ್ರೆಯಲ್ಲಿ ಅರ್ಪಿತಾಳಿಗೆ ಸಿಕ್ಕಿದ್ದು ಕಿಟಕಿಯ ಪಕ್ಕದ ಹಾಸಿಗೆಯೇ. ಆದರೆ ಆ ಕಿಟಕಿಯಿಂದ ಕಾಣುತ್ತಿದ್ದುದು ಮಸಿ ಹಿಡಿದ ಇಟ್ಟಿಗೆ ಗೋಡೆ, ಹಬೆ ಉಗುಳುವ ಎರಡು ಕೊಳವೆ, ಅವುಗಳ ಬಿಸಿಗೆ ಮೈಯೊಡ್ಡಿ ಕೂತ ಪಾರಿವಾಳಗಳು, ಅಷ್ಟೆ. ಅವಳಿಗೆ ಆಗ ಏಳು ತಿಂಗಳು. ಮಗುವನ್ನು ಪೋಷಿಸುವ ಮಾಸು ಗರ್ಭಕೋಶದ ಬಾಯಿಗೇ ಅಡ್ಡ ಕೂತಿದೆ, ಯಾವ ಗಳಿಗೆಯಲ್ಲಾದರೂ ಮತ್ತೆ ರಕ್ತ ಹೋಗಬಹುದು, ಆದ್ದರಿಂದ ಹೆರಿಗೆಯಾಗುವ ತನಕ ಇಲ್ಲಿಂದ ಕದಲುವ ಹಾಗಿಲ್ಲ ಎಂದು ಕನ್ಸಲ್ಟೆಂಟ್ ಖಚಿತವಾಗಿ ಹೇಳಿಬಿಟ್ಟಿದ್ದರು. ಅದು 2001ರ ಅಕ್ಟೋಬರ್. ಶೆಫೀಲ್ಡ್‌ನ ಬೀದಿಗಳಲ್ಲಿ ಮರಗಳು ಆಗಷ್ಟೇ ಬಣ್ಣ ತಿರುಗುತ್ತಿದ್ದವು.

ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅರ್ಪಿತಾ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲಸ ಬಿಟ್ಟಿದ್ದಳು. ಗಿಡಮರಗಳ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. ಎಲೆ ಉದುರುವ ಕಾಲ ಬಂತೆಂದರೆ ಮಗಳನ್ನು ಕರೆದುಕೊಂಡು ದಿನವೂ ಒಂದೊಂದು ಪಾರ್ಕ್ ಸುತ್ತುತ್ತಿದ್ದಳು.

"ಇಲ್ಲಿಗೆ ಬಂದಾಗಿನಿಂದ ಒಂದ್ ವರ್ಷಾನೂ ತಪ್ಪಿಸಿದ್ದಿಲ್ಲ ನೋಡ್ರಿ," ಎಂದಳು ಗಂಡನಿಗೆ. "ಈ ಸಲ ಪಾರಿವಾಳ ಎಣಿಸೂದ ಆತು."

ಬಸವಪ್ರಭು ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದ. ಸಮಾಧಾನದ ಮಾತು ಅವನಿಗೆ ಬೇಗ ಬರುವುದಿಲ್ಲ. ಹೊಳೆದದ್ದನ್ನು ಹೇಳಿದ: "ನಾ ಫೋಟೋ ತಕ್ಕೊಂಡು ಬರ್ತೀನಿ. ಎಲ್ಲಾ ಗಿಡದ್ದೂ."

ಅರ್ಪಿತಾ ನಕ್ಕಳು. "ಬೇವು, ಹುಣಸಿ ಬಿಟ್ರ ನಿಮಗ ಯಾವ ಗಿಡ ಗೊತ್ತೈತಿ? ಶರ್ವಾಣೀನ್ನ ಕರ್ಕೊಂಡು ಹೋಗ್ರಿ. ಆಕೀಗೆ ಎಲ್ಲಾ ಹೆಸರೂ ಬರ್ತಾವ." ಹಾಗೆನ್ನುತ್ತಲೇ ಅವಳ ನಗು ನಿಂತಿತು. "ಇವತ್ತೂ ಬರಲಿಲ್ಲೇನು ಆಕಿ?"

ಶರ್ವಾಣಿಗೆ ನಾಲ್ಕೂವರೆ ವರ್ಷ. ಅಮ್ಮ ಆಸ್ಪತ್ರೆ ಸೇರಿದ ಮೊದಲ ಭಾನುವಾರ ಅಪ್ಪನ ಕೈ ಹಿಡಿದು ವಾರ್ಡಿನ ಬಾಗಿಲ ತನಕ ಬಂದಿದ್ದಳು. ಅಲ್ಲಿ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ತಬ್ಬಿಕೊಂಡು ಎಂಥ ಚೀರಾಟ ಮಾಡಿದಳೆಂದರೆ, ಒಳಗಿದ್ದ ಬಸುರಿಯರೆಲ್ಲ ಎದ್ದು ಕೂತರು. ಅವಳನ್ನು ಹೊತ್ತುಕೊಂಡು ವಾಪಸು ಹೋಗದೆ ಬಸವಪ್ರಭುವಿಗೆ ಬೇರೆ ದಾರಿಯಿರಲಿಲ್ಲ. ಅಂದಿನಿಂದ ಫೋನಿನಲ್ಲೂ ಅಮ್ಮನ ಜೊತೆ ಮಾತಿಲ್ಲ. ರಿಸೀವರ್ ಕಿವಿಗಿಟ್ಟರೆ ಉಸಿರು ಬಿಡುತ್ತ ನಿಲ್ಲುತ್ತಿದ್ದಳು.

ಅಪ್ಪನ ಡ್ಯೂಟಿಯ ಹೊತ್ತಿನಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಬೀದಿಯ ವಾಸಂತಿ. ಮೈಸೂರಿನವರು. "ಮಗು ಮನಸ್ಸಲ್ಲಿ ಏನೋ ಇಟ್ಕೊಂಡಿದೆ ಕಣ್ರೀ ಪ್ರಭು. ಬಲವಂತ ಮಾಡ್ಬೇಡಿ," ಎಂದಿದ್ದರು ಅವರು. ಆಸ್ಪತ್ರೆಯ ವಾಸನೆಗೆ ಹೆದರಿದ್ದಾಳೆ ಎಂದಷ್ಟೇ ಬಸವಪ್ರಭು ತಿಳಿದಿದ್ದ.

ಶನಿವಾರ ಬೆಳಿಗ್ಗೆ ಅವನು ಬೀರುವಿನಿಂದ ತನ್ನ ಹಳೆಯ ಕ್ಯಾಮೆರಾ ತೆಗೆದು ಹೊಸ ರೀಲು ಹಾಕಿದ. ಶರ್ವಾಣಿ ಮೇಜಿಗೆ ಗದ್ದವಿಟ್ಟು ನೋಡುತ್ತಿದ್ದಳು. ಮಗಳೊಬ್ಬಳನ್ನೇ ಕರೆದುಕೊಂಡು ಅವನು ಇಡೀ ದಿನ ಹೊರಗೆ ಹೋಗುತ್ತಿದ್ದುದು ಅದೇ ಮೊದಲು. ಅವಳ ಕೋಟಿನ ಝಿಪ್ಪು ಹಾಕುವುದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು.

ಬೊಟಾನಿಕಲ್ ಗಾರ್ಡನ್‌ನ ಗೇಟು ದಾಟಿದ್ದೇ ಅವಳು ಬೇರೆಯೇ ಹುಡುಗಿಯಾದಳು. ಅಮ್ಮ ನಡೆಯುತ್ತಿದ್ದ ದಾರಿಯಲ್ಲೇ ಅಪ್ಪನನ್ನು ಎಳೆದುಕೊಂಡು ಹೊರಟಳು.

"ಈ ಮೇಪಲ್ ತಗೀಲೇನು?" ಎಂದ ಬಸವಪ್ರಭು.

"ಪಪ್ಪಾ, ದಟ್ಸ್ ಸಿಕಮೋರ್," ಎಂದಳು ಬೇಸರದಿಂದ. "ಮೇಪಲ್ ಈಸ್ ದೇರ್. ಜಪಾನ್‌ದು. ಸಣ್ಣದು."

ಸಣ್ಣದೇ ಹೌದು. ಹುಲ್ಲಿನ ಇಳಿಜಾರಿನಲ್ಲಿ ಛತ್ರಿ ಬಿಚ್ಚಿದ ಹಾಗೆ ನಿಂತಿತ್ತು. ಎಲೆಗಳ ತುದಿ ಮಾತ್ರ ಕೆಂಪಾಗಿತ್ತು. ಅವನು ನಿಂತಲ್ಲಿಂದಲೇ ಕ್ಯಾಮೆರಾ ಎತ್ತಿದಾಗ ಅವಳು ಅವನ ಪ್ಯಾಂಟು ಜಗ್ಗಿದಳು. "ನೋ. ಒಳಗ ಬಾ. ಅಮ್ಮ ಗೋಸ್ ಇನ್‌ಸೈಡ್." ಅವಳ ಹಿಂದೆಯೇ ಕೊಂಬೆಗಳ ಕೆಳಗೆ ತೂರಿ, ಒದ್ದೆ ನೆಲದ ಮೇಲೆ ಅಂಗಾತ ಮಲಗಿದ. ಕೆಳಗಿನಿಂದ ನೋಡಿದರೆ ಒಂದೊಂದು ಎಲೆಯ ನರವೂ ಬೆಳಕಿಗೆ ಕಾಣುತ್ತಿತ್ತು. ಇಷ್ಟು ವರ್ಷ ಈ ಊರಿನಲ್ಲಿದ್ದೂ ತಾನು ಒಂದು ಮರದ ಕೆಳಗೂ ಮಲಗಿರಲಿಲ್ಲವಲ್ಲ ಅನ್ನಿಸಿತು ಅವನಿಗೆ. ಅವನ ತೋಳಿನ ಮೇಲೆ ತಲೆಯಿಟ್ಟು ಶರ್ವಾಣಿ, ಪ್ರತಿ ಸಲ ಕ್ಲಿಕ್ ಎಂದಾಗಲೂ ಕೇಳುತ್ತಿದ್ದಳು: "ಒಳಗ ಹೋತಾ?"

"ಹೋತು."

ತೊಳೆಸಿ ತಂದ ಫೋಟೋಗಳನ್ನು ಅವಳು ಕಾರ್ಪೆಟ್ ಮೇಲೆ ಹರಡಿ, ಅಮ್ಮನಿಗೆ ಯಾವುವು ಹೋಗಬೇಕೆಂದು ತಾನೇ ಆರಿಸಿದಳು. ಅರ್ಪಿತಾ ಅವನ್ನು ಕಿಟಕಿಯ ಗಾಜಿಗೆ ಅಂಟಿಸಿಕೊಂಡಳು. ಗಂಡ ಹೊರಟಾಗ, "ಬೀಚ್ ಗಿಡ ಪೂರಾ ಹಳದಿ ಆದ ಮ್ಯಾಲ ಮತ್ತೊಮ್ಮೆ ತಗೀ ಅಂತ ಹೇಳ್ರಿ ಆಕೀಗೆ," ಎಂದು ಹೇಳಿ ಕಳಿಸಿದಳು. ಈ ಮಾತನ್ನು ಬಸವಪ್ರಭು ಮನೆಗೆ ಹೋಗಿ ಒಪ್ಪಿಸಿದಾಗ ಶರ್ವಾಣಿ ಗಂಭೀರವಾಗಿ ತಲೆಯಾಡಿಸಿದಳು. ಹೀಗೆ ಮೂರು ವಾರ ನಡೆಯಿತು. ಇಟ್ಟಿಗೆ ಗೋಡೆ ಅರ್ಧಕ್ಕರ್ಧ ಮುಚ್ಚಿಹೋಯಿತು. ಸೂಲಗಿತ್ತಿ ನರ್ಸುಗಳು ಬೇರೆ ವಾರ್ಡಿನಿಂದಲೂ ನೋಡಲು ಬರತೊಡಗಿದರು. ಆದರೆ 'ನೀನ ಕೊಡು ಬಾ' ಎಂದು ಕರೆದರೆ ಮಾತ್ರ ಶರ್ವಾಣಿ ಸೋಫಾದ ಹಿಂದೆ ಸೇರಿಕೊಳ್ಳುತ್ತಿದ್ದಳು.

ನವೆಂಬರ್ ಮೊದಲ ಭಾನುವಾರ ಅವರು ರೈಲು ಹತ್ತಿ, ಉದ್ದನೆಯ ಸುರಂಗ ದಾಟಿ, ಗ್ರಿಂಡಲ್‌ಫರ್ಡ್‌ನಲ್ಲಿ ಇಳಿದರು. ನಿಲ್ದಾಣದ ಮಗ್ಗುಲಲ್ಲೇ ಕಣಿವೆ, ಕಲ್ಲುಗಳ ಮೇಲೆ ಹಾರಿ ಇಳಿಯುವ ಹಳ್ಳ, ಎರಡೂ ದಂಡೆಗೆ ಓಕ್ ಮತ್ತು ಬರ್ಚ್ ಕಾಡು. ಮರುದಿನ ಬಿರುಗಾಳಿ ಬರುತ್ತದೆಂದು ರೇಡಿಯೋ ಹೇಳಿತ್ತು. ಆ ದಿನ ಮಾತ್ರ ಗಾಳಿಯ ಸುಳಿವೇ ಇರಲಿಲ್ಲ. ಬಿಸಿಲು ಕಾಡಿನೊಳಗೆ ಇಳಿದು, ಬರ್ಚ್ ಎಲೆಗಳು ಹೊಸ ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ನೀರಿನಲ್ಲಿ ಸುತ್ತುವ ಎಲೆ, ಪಾಚಿಗಲ್ಲಿಗೆ ಅಂಟಿದ ಎಲೆ, ಶರ್ವಾಣಿಯ ಕೂದಲಿಗೆ ಸಿಕ್ಕಿದ ಎಲೆ, ಯಾವುದನ್ನೂ ಅವನು ಬಿಡಲಿಲ್ಲ. ಇಷ್ಟು ಒಳ್ಳೆಯ ಫೋಟೋ ತನ್ನ ಜನ್ಮದಲ್ಲೇ ತೆಗೆದಿಲ್ಲ ಎಂಬ ಹಿಗ್ಗಿನಲ್ಲಿ ನಿಲ್ದಾಣಕ್ಕೆ ವಾಪಸು ಬಂದ. ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಕ್ಯಾಮೆರಾ ಪಕ್ಕದಲ್ಲಿಟ್ಟು, ನಾಲ್ಕು ಹೆಜ್ಜೆ ಆಚೆಗಿದ್ದ ಕೆಫೆಯ ಕಿಟಕಿಯಲ್ಲಿ ಚಹಾ ಕೇಳಿದ.

ತಿರುಗಿ ನೋಡಿದಾಗ ಕ್ಯಾಮೆರಾದ ಹಿಂಬದಿ ಬಾಯಿ ತೆರೆದಿತ್ತು. ಶರ್ವಾಣಿ ಅದರೊಳಗೆ ಬಗ್ಗಿ ನೋಡುತ್ತಿದ್ದಳು. ರೀಲಿನ ಮೇಲೆ ಬಿಸಿಲು ಬಿದ್ದಿತ್ತು.

"ಏನ್ ಮಾಡಿದಿ!" ಅವನು ಓಡಿ ಬಂದು ಕ್ಯಾಮೆರಾ ಕಸಿದು ಮುಚ್ಚಿದ. "ಎಲ್ಲಾ ಹಾಳ ಮಾಡಿಬಿಟ್ಟಿ! ಯಾರ್ ಹೇಳಿದ್ರು ನಿನಗ ಇದನ್ನ ತಗೀ ಅಂತ?"

ಕೆಫೆಯ ಹೆಂಗಸು ತಿರುಗಿ ನೋಡಿದಳು. ಬಸವಪ್ರಭು ಹೀಗೆ ಕೂಗಿದ್ದನ್ನು ಮಗಳು ಯಾವತ್ತೂ ಕೇಳಿರಲಿಲ್ಲ. ಅವಳು ಅಳಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿ ಅಡಗಿಸಿಕೊಂಡು, ಬೆಂಚಿನ ತುದಿಗೆ ಸರಿದಳು.

"ಎಲಿ ಒಳಗ ಅದಾವಾ ನೋಡಿದೆ," ಎಂದಳು ಸಣ್ಣ ದನಿಯಲ್ಲಿ. ಆಮೇಲೆ, ಅವನ ಕಡೆ ನೋಡದೆ, "ಐ ಬ್ರೇಕ್ ಎವೆರಿಥಿಂಗ್, ಪಪ್ಪಾ. ಅಮ್ಮನ್ನೂ."

"ಏನಂದಿ?"

"ಅಮ್ಮನ್ನೂ ನಾನ ಬ್ರೇಕ್ ಮಾಡಿದೆ. ಎತ್ಕೋ ಅಂದೆ. ಶೀ ಸೆಡ್ ನೋ, ಹೊಟ್ಟಿ ಭಾರ ಐತಿ. ನಾ ಅತ್ತೆ, ಭಾಳ ಅತ್ತೆ. ಆಮ್ಯಾಲ ಅಮ್ಮ ಎತ್ಕೊಂಡ್ಲು. ಆಮ್ಯಾಲ ಬ್ಲಡ್ ಬಂತು."

ಆಂಬುಲೆನ್ಸ್ ಬಂದಿದ್ದ ಆ ಬೆಳಿಗ್ಗೆ ಬಸವಪ್ರಭು ಮನೆಯಲ್ಲಿರಲಿಲ್ಲ. ಅರ್ಪಿತಾ ಈ ಮಾತು ಹೇಳಿರಲೂ ಇಲ್ಲ. ಅವಳಿಗೆ ಅದು ಹೇಳುವಂಥದ್ದೆಂದು ಅನ್ನಿಸಿರಲಿಕ್ಕಿಲ್ಲ. ಒಂದು ತಿಂಗಳಿಂದ ಈ ಮಗು ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದೆ. ಅವಳು ಹೆದರಿದ್ದು ಆಸ್ಪತ್ರೆಗಲ್ಲ, ಅಮ್ಮನಿಗೆ. ಅಮ್ಮ ಬೈದರೆ ಎಂದು.

ದಿನವೂ ಎಷ್ಟೋ ಜನರಿಗೆ, ಆಪರೇಷನ್ನಿಗೆ ಮುಂಚೆ, ಅವರ ದೇಹದಲ್ಲಿ ಏನಾಗಿದೆ, ಏನಾಗಲಿದೆ ಎಂದು ಸರಾಗವಾಗಿ ವಿವರಿಸುವವನು ಅವನು. ಈಗ ಚಹಾ ಅಲ್ಲೇ ಬಿಟ್ಟು ಅವಳ ಮುಂದೆ ಮೊಣಕಾಲೂರಿದ.

"ನನ್ನವ್ವ, ಇಲ್ಲಿ ನೋಡು. ಹೊಟ್ಟಿಯೊಳಗಿನ ಪಾಪುಗೆ ಊಟ ಕೊಡೂದೊಂದು ಚೀಲ ಇರ್ತೈತಿ. ಅದು ಮ್ಯಾಲ ಇರಬೇಕಾಗಿತ್ತು, ಕೆಳಗ ಕೂತೈತಿ. ಅದರಿಂದ ರಕ್ತ ಬಂದದ್ದು. ನೀ ಎತ್ಕೋ ಅಂದದ್ದಕ್ಕಲ್ಲ. ನಾವು ಬ್ಯಾಸಿಗ್ಯಾಗ ಸಮುದ್ರಕ್ಕ ಹೋಗಿದ್ವಿಲ್ಲೋ? ಅವಾಗಿಂದನ ಅದು ಅಲ್ಲೇ ಐತಿ."

ಅವಳು ಯೋಚಿಸಿದಳು. "ಹೂ ಪುಟ್ ಇಟ್ ದೇರ್?"

"ಯಾರೂ ಇಟ್ಟಿಲ್ಲ."

"ನೀನು?"

"ನಾನೂ ಅಲ್ಲ."

"ಬೇಬಿ?"

"ಬೇಬೀನೂ ಅಲ್ಲ. ತಾನ ಹಂಗ ಕೂತೈತಿ. ಯಾರ ತಪ್ಪೂ ಇಲ್ಲ."

"ಅಮ್ಮಗ ಗೊತ್ತೈತಾ? ನಾನಲ್ಲ ಅಂತ?"

"ಗೊತ್ತೈತಿ. ಆದ್ರ ನೀ ಹಿಂಗ ಅನ್ಕೊಂಡೀದಿ ಅನ್ನೂದು ಆಕೀಗೆ ಗೊತ್ತಿಲ್ಲ."

"ನೀ ಹೇಳು."

"ನೀನ ಹೇಳಬೇಕವ್ವ ಅದನ್ನ," ಎಂದ. ಆಮೇಲೆ, "ನಾ ಒದರಿದ್ದು ತಪ್ಪಾತು. ಕ್ಯಾಮೆರಾಕ್ಕ ಏನೂ ಆಗಿಲ್ಲ," ಎಂದು ಅವಳ ಕಂಕುಳಿನಿಂದ ಕೈಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಅಂಗೈಯಲ್ಲಿಟ್ಟು ಉಜ್ಜಿದ. ಮಂಜುಗಡ್ಡೆಯ ಹಾಗೆ ತಣ್ಣಗಿದ್ದವು. ಆಗ ಅವಳು ಅತ್ತಳು. ರೈಲು ಬಂದು ನಿಂತಾಗಲೂ ಅಳು ಮುಗಿದಿರಲಿಲ್ಲ. ಗಾರ್ಡ್ ಸೀಟಿ ಊದುವುದನ್ನು ತಡೆದು, ಅವರಿಬ್ಬರೂ ಹತ್ತುವ ತನಕ ಕಾದ.

ಅವರು ಮನೆಗೆ ಹೋಗಲಿಲ್ಲ. ಮಣ್ಣು ಮೆತ್ತಿದ ಬೂಟಿನಲ್ಲೇ ಆಸ್ಪತ್ರೆಗೆ ಬಂದರು. ವಾರ್ಡಿನ ಬಾಗಿಲಲ್ಲಿ ಶರ್ವಾಣಿ ನಿಂತಳು. ಬಸವಪ್ರಭು ಅವಸರ ಮಾಡಲಿಲ್ಲ; ಒಳಬರುವವರಿಗೆ ದಾರಿ ಬಿಟ್ಟು, ಅವಳ ಜೊತೆ ತಾನೂ ಗೋಡೆಗೆ ಒರಗಿ ನಿಂತ. ಅಲ್ಲಿಂದ ಅಮ್ಮನ ಕಿಟಕಿ ಕಾಣುತ್ತಿತ್ತು. ಗಾಜಿನ ತುಂಬ ಹಳದಿ, ಕಂದು, ಕೆಂಪು. ಅವಳು ತಾನೇ ಆರಿಸಿ ಕಳಿಸಿದವು. ಅವನ್ನು ಗುರುತಿಸುತ್ತ ನಿಂತವಳು, ಇನ್ನೂ ಹತ್ತಿರದಿಂದ ನೋಡಬೇಕೆನ್ನುವ ಹಾಗೆ ಒಂದು ಹೆಜ್ಜೆ ಒಳಗಿಟ್ಟಳು, ಆಮೇಲೆ ಇನ್ನೊಂದು.

ಅರ್ಪಿತಾ ಅವಳನ್ನು ಕಂಡಳು. ಗಂಡನ ಮುಖ ನೋಡಿ, ಮೆಲ್ಲಗೆ ದಿಂಬಿಗೆ ಒರಗಿ ಎದ್ದು ಕೂತಳು.

ಹಾಸಿಗೆಯ ಕಾಲ ಬಳಿ ನಿಂತು ಶರ್ವಾಣಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಎತ್ಕೋ ಅಂದದ್ದು, ಅತ್ತದ್ದು, ರಕ್ತ, ಚೀಲ ತಾನೇ ಕೂತದ್ದು, ಬೇಬೀನೂ ಇಟ್ಟಿಲ್ಲ ಎಂದದ್ದು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಕೇಳುತ್ತ ಕೇಳುತ್ತ ಅರ್ಪಿತಾಳ ಕೈ ಬಾಯಿಗೆ ಹೋಯಿತು.

"ಆಕೀನ್ನ ಮ್ಯಾಲ ಕೂಡಸ್ರಿ," ಎಂದಳು ಗಂಡನಿಗೆ. ಅವನು ಮಗಳ ಬೂಟು ಕಳಚಿ ಎತ್ತಿ ಕೂರಿಸಿದ. ಅರ್ಪಿತಾ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನೀ ಅತ್ತಿ ಅಂತ ನಾ ಎತ್ಕೊಂಡಿಲ್ಲ. ನನಗ ನಿನ್ನ ಎತ್ಕೋಬೇಕು ಅನಸಿತ್ತು. ಅದಕ್ಕ ಎತ್ಕೊಂಡೆ. ತಿಳೀತಾ?"

ಶರ್ವಾಣಿ ತಲೆಯಾಡಿಸಿದಳು. ಬಹಳ ಹೊತ್ತು ಅಮ್ಮನ ಭುಜದಲ್ಲಿ ಮುಖ ಹುದುಗಿಸಿಕೊಂಡಿದ್ದು, ಆಮೇಲೆ ಕೇಳಿದಳು: "ನಿನಗ ನೋವಾಗತೈತಾ?"

"ಇಲ್ಲ. ಬ್ಯಾಸರ ಆಗತೈತಿ ಅಷ್ಟ."

"ನಾ ದಿನಾ ಬರ್ತೀನಿ," ಎಂದಳು ಮಗಳು. ನೋಡಲು ಬಂದವರು ಹೊರಡುವ ಹೊತ್ತು ಮೀರಿದರೂ ನರ್ಸು ಆ ಹಾಸಿಗೆಯ ಕಡೆ ತಲೆ ಹಾಕಲಿಲ್ಲ.

ಮರುದಿನ ಹೇಳಿದಂತೆಯೇ ಬಿರುಗಾಳಿ ಬೀಸಿ, ಊರಿನ ಮರಗಳೆಲ್ಲ ಒಂದೇ ದಿನದಲ್ಲಿ ಬೋಳಾದವು. ಬೆಳಕು ತಾಗಿದ ರೀಲನ್ನು ಬಸವಪ್ರಭು ಎಸೆಯಲಿಲ್ಲ. ಆದದ್ದಾಗಲಿ ಎಂದು ತೊಳೆಯಲು ಕೊಟ್ಟ. ಮುಕ್ಕಾಲು ಪಾಲು ಹಾಳಾಗಿತ್ತು. ಸುರುಳಿಯ ಒಳಭಾಗದಲ್ಲಿದ್ದ ಐದಾರು ಚಿತ್ರ ಹೇಗೋ ಉಳಿದಿದ್ದವು. ಅವುಗಳಲ್ಲೂ ಒಂದು ಬದಿಯಿಂದ ಬೆಳಕು ನುಗ್ಗಿ, ಬರ್ಚ್ ಮರಗಳ ಮೇಲೆ ಕೆಂಡದಂಥ ಕಿತ್ತಳೆ ಬಣ್ಣ ಹರಿದಿತ್ತು. ಅರ್ಪಿತಾ ಒಂದನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟು ಕೆಂಪನ್ನ ನಾ ನೋಡೇ ಇಲ್ಲ. ಯಾವ ಗಿಡ ಇದು?" ಎಂದಳು.

"ಅದು ಗಿಡ ಅಲ್ಲ," ಎಂದಳು ಶರ್ವಾಣಿ, ಅವಳ ಪಕ್ಕದಲ್ಲೇ ಕಾಲು ಚಾಚಿ ಕೂತು. "ಅದು ನಾನು ಕ್ಯಾಮೆರಾದ ಬಾಗಲಾ ತಗದದ್ದು."

ನವೆಂಬರ್ ಕೊನೆಯ ವಾರ ಮತ್ತೆ ರಕ್ತ ಕಾಣಿಸಿತು. ಈ ಸಲ ವೈದ್ಯರು ಕಾಯಲಿಲ್ಲ, ಸಿಸೇರಿಯನ್‌ಗೆ ಒಯ್ದರು. ಎಷ್ಟೋ ಹೆಂಗಸರ ತಲೆಯ ಬಳಿ ವೈದ್ಯನಾಗಿ ನಿಂತಿದ್ದ ಬಸವಪ್ರಭು ಅಂದು ಬರಿಯ ಗಂಡನಾಗಿ ಕೂತ. ಮಾಡಲು ಕೆಲಸವಿಲ್ಲದ ತನ್ನ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಅರ್ಪಿತಾಳ ಕೈಯನ್ನೇ ಗಟ್ಟಿಯಾಗಿ ಹಿಡಿದ. ಪರದೆಯ ಆಚೆಯಿಂದ ಅಳು ಕೇಳಿದಾಗ, ಅರ್ಪಿತಾಳಿಗಿಂತ ಮುಂಚೆ ಅವನೇ ಅತ್ತ. ಇನ್ನೊಂದು ಹೆಣ್ಣು. ಹುಟ್ಟುವ ಹೊತ್ತಿಗಿಂತ ಮೊದಲೇ ಬಂದ ಪುಟ್ಟ ಜೀವ. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು, ಹಾಲು ಕುಡಿಯಲು ಕಲಿತ ಮೇಲೆ ಮನೆಗೆ ಬಂತು.

ಬಂದ ದಿನ ವಾಸಂತಿ ಬಿಸಿ ಸಾರು, ಅನ್ನ ತಂದಿಟ್ಟಿದ್ದರು. ಶರ್ವಾಣಿ ಸೋಫಾದ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ದಿಂಬಿಟ್ಟುಕೊಂಡು, ತಂಗಿಯನ್ನು ಮಲಗಿಸಿಕೊಂಡಿದ್ದಳು. ಅಲುಗಾಡಬಾರದೆಂದು ಉಸಿರನ್ನೂ ಬಿಗಿಹಿಡಿದಿದ್ದಳು. ಮಗು ಮೂಗು ಸುಕ್ಕಿಸಿ, ಮುಖವೆಲ್ಲ ಕೆಂಪಗೆ ಮಾಡಿಕೊಂಡು, ಇಷ್ಟು ಸಣ್ಣ ಮೈಗೆ ನಂಬಲಾಗದಷ್ಟು ಜೋರಾಗಿ ಸೀನಿತು.

"ಪಪ್ಪಾ!" ಎಂದು ಕೂಗಿದಳು ಶರ್ವಾಣಿ, ಕಣ್ಣರಳಿಸಿ. "ಇಟ್ ವರ್ಕ್ಸ್!"

ವಾಸಂತಿ ಸೌಟು ಹಿಡಿದುಕೊಂಡೇ ನಕ್ಕರು. ಬಸವಪ್ರಭು ನಗುತ್ತ ನೆಲಕ್ಕೆ ಕೂತುಬಿಟ್ಟ.

"ನಗಸಬ್ಯಾಡ್ರೆ, ಹೊಲಿಗಿ ಜಗ್ಗತಾವ," ಎಂದು ಹೊಟ್ಟೆ ಹಿಡಿದುಕೊಂಡು ಅರ್ಪಿತಾ ಬೇಡಿಕೊಂಡಳು, ಅವಳೂ ನಗುತ್ತಲೇ.