ಐದನೇ ಕೋಟು ಬಳಿಯುವ ಮುಂಚೆ

ಊರಿನ ಮನೆಗಳಿಗೆಲ್ಲ ಬಣ್ಣ ಬಳಿಯುವ ಪೇಂಟರ್‌ಗೆ ತನ್ನದೇ ಮನೆಯ ಗೋಡೆಯೊಂದು ಬಗ್ಗಿರಲಿಲ್ಲ. ನೆಲಮಾಳಿಗೆಯ ಬಲಬದಿಯ ಗೋಡೆ ಅದು. ಬಿಳಿ ಬಳಿದ, ತಿಳಿಹಳದಿ ಬಳಿದ, ಅದರ ಮೇಲೆ ಹಸಿರು, ಹಸಿರಿನ ಮೇಲೆ ಮತ್ತೆ ಬಿಳಿ. ಆರು ತಿಂಗಳು ಕಳೆಯುವುದರೊಳಗೆ ಮೊಳದೆತ್ತರಕ್ಕೆ ಬಣ್ಣ ಬೊಬ್ಬೆಯೆದ್ದು ಉದುರುತ್ತಿತ್ತು. ಖಾಲಿ ಡಬ್ಬ, ಮುರಿದ ಕುರ್ಚಿ ಇಡುವ ಜಾಗ ತಾನೇ ಎಂದು ಅವನೂ ಸುಮ್ಮನಿದ್ದ.

ಈ ಸಲ ಹಾಗಲ್ಲ. ಮಗಳು ಕಾಲೇಜಿಗೆ ಸೇರುವವಳಿದ್ದಳು. ಚಿಕ್ಕಂದಿನಿಂದ ಉಬ್ಬಸ ಬೇರೆ. ಮೇಲೆ ಎರಡೇ ಕೋಣೆ, ನಾಲ್ಕು ಜನ; ಓದಲು ಕೂತರೆ ಒಂದು ಕಿವಿಗೆ ಅಜ್ಜಿಯ ರೇಡಿಯೋ, ಇನ್ನೊಂದಕ್ಕೆ ಅಮ್ಮನ ಹೊಲಿಗೆ ಯಂತ್ರ. ಕೆಳಗಡೆ ನಿನಗೇ ಅಂತ ಒಂದು ಕೋಣೆ ಮಾಡಿಕೊಡುತ್ತೇನೆ ಎಂದು ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ಅವನ ಲೆಕ್ಕಾಚಾರ ಸರಳ. ಗೋಡೆಗೆ ಐದನೇ ಕೋಟು, ಅದರ ಮೇಲೆ ಚಂದದ ಮರದ ಹಲಗೆ. ಧೂಳು ಮಗಳಿಗೆ ಆಗದು, ಹಾಗಾಗಿ ಮೇಲಿನ ಪುಟ್ಟ ಗವಾಕ್ಷಿಯೂ ಬಂದ್.

ಪಕ್ಕದ ಮನೆಯ ಗಾರೆಯಕ್ಕ ಏಣಿ ಕೇಳಲು ಬಂದವಳು ಕೆಳಗಿಳಿದು ನೋಡಿದಳು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ ಅವಳದು. ಗೋಡೆ ಸವರಿ, ಮೂಗು ಹತ್ತಿರ ಹಿಡಿದು ಕೇಳಿದಳು:

"ತಮ್ಮಾ, ಈ ನೀರು ಎಲ್ಲಿಂದ ಬರ್ತಿದೆ ಅಂತ ಯಾವತ್ತಾದ್ರೂ ನೋಡಿದ್ದೀಯಾ?"

"ನೀರೆಲ್ಲಿದೆ ಅಕ್ಕಾ? ಮುಚ್ಚಿದ ಕೋಣೆ, ಅದಕ್ಕೆ ಸ್ವಲ್ಪ ಬೆವರುತ್ತೆ. ಒಳ್ಳೆ ಬಣ್ಣ ಬಿದ್ರೆ ಸರಿಹೋಗುತ್ತೆ."

"ನಾಲ್ಕು ಸಲ ಬಿದ್ದಿದ್ದು ಕೆಟ್ಟ ಬಣ್ಣವಾ ಹಾಗಾದ್ರೆ?"

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಗಾರೆಯಕ್ಕ ವಾದಕ್ಕೆ ನಿಲ್ಲಲಿಲ್ಲ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತರಿಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಾಕಿ ಗೋಡೆಗೆ ಅಂಟಿಸಿದಳು. ಎರಡು ದಿನ ಬಿಡಬೇಕು. ಹನಿ ಹಾಳೆಯ ಮುಂದೆ ಕೂತರೆ ಕೋಣೆಯ ಗಾಳಿಯಲ್ಲಿ ತೇವ. ಹಾಳೆಯ ಹಿಂದೆ ಕೂತರೆ ಗೋಡೆಯೊಳಗಿಂದ ನೀರು ಬರುತ್ತಿದೆ ಎಂದರ್ಥ.

ಆ ಎರಡು ದಿನ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಮಗಳು ಟಾರ್ಚ್ ಹಿಡಿದು ಗಳಿಗೆಗೊಮ್ಮೆ ಇಳಿಯುತ್ತಿದ್ದಳು. ಮಂಡಿನೋವು ಎನ್ನುತ್ತಿದ್ದ ಅಜ್ಜಿ ಕೂಡ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಮುಂದೆಯೇ ಕೂರುತ್ತದೆ ಎಂದು ಪೇಂಟರ್ ಎಲ್ಲರೆದುರು ಹೇಳಿಕೊಂಡು ತಿರುಗಿದ. ಮೂರನೇ ಬೆಳಿಗ್ಗೆ ಬೆರಳಿನಿಂದ ಹಾಳೆಯ ಮುಂಭಾಗ ಉಜ್ಜಿದ. ಬೆರಳು ಒದ್ದೆಯಾಗಲಿಲ್ಲ. ಹನಿಗಳೆಲ್ಲ ಹಿಂದೆ ಸಾಲುಗಟ್ಟಿ ಕೂತಿದ್ದವು.

ಗಾರೆಯಕ್ಕ ಅವನನ್ನು ಹೊರಗೆ ಕರೆದೊಯ್ದಳು. ಚಾವಣಿಯ ಮಳೆನೀರಿನ ಪೈಪು ಸರಿಯಾಗಿ ಅದೇ ಗೋಡೆಯ ಬುಡಕ್ಕೆ ಬಂದು ನಿಂತಿತ್ತು. ಒಂದು ಬಕೆಟ್ ನೀರು ನೆಲಕ್ಕೆ ಸುರಿದಳು. ನೀರು ಹೊರಕ್ಕೆ ಹರಿಯದೆ ನೇರ ಮನೆಯ ಕಡೆಗೇ ಓಡಿತು. ಹೂಗಿಡಕ್ಕೆಂದು ಮಣ್ಣು ಏರಿಸಿ ಆ ಇಳಿಜಾರು ಮಾಡಿದವನು ಅವನೇ.

ಪೈಪು ದೂರಕ್ಕೆ ಹೋಯಿತು, ಮಣ್ಣಿನ ಇಳಿಜಾರು ಹೊರಗಡೆಗೆ ತಿರುಗಿತು. ಹಳೇ ಬಣ್ಣ, ಬೂಷ್ಟು ಕೆರೆಯುವಾಗ ಅವನು ಮುಖಕ್ಕೆ ಮಾಸ್ಕ್ ಹಾಕಿಕೊಂಡ, ಮಗಳನ್ನು ತನ್ನ ತಂಗಿಯ ಮನೆಗೆ ಕಳಿಸಿದ. ಗೋಡೆ ಒಣಗಲು ವಾರಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಕಾಲೇಜು ಶುರುವಾಗಿ, ಮಗಳು ಮುಖ ಊದಿಸಿಕೊಂಡಳು. ಮತ್ತೆ ಹಾಳೆ ಅಂಟಿಸಿದಾಗ ಹಿಂದೆ ಒಂದು ಹನಿಯೂ ಇರಲಿಲ್ಲ. ಮುಂದೆ ಮಾತ್ರ ನಾಲ್ಕಾರು ಇದ್ದವು. ಅವು ಗಾಳಿಯವು.

"ಗವಾಕ್ಷಿ ಮುಚ್ಚೋ ಮಾತು ಬಿಡು," ಎಂದಳು ಗಾರೆಯಕ್ಕ. "ಇನ್ನೊಂದು ಕೇಳ್ತೀನಿ. ಮೆಟ್ಟಿಲಲ್ಲಿ ಹೊಗೆ ತುಂಬ್ತು ಅಂದ್ಕೋ. ಉಬ್ಬಸದ ಹುಡುಗಿ ಯಾವ ಕಡೆಯಿಂದ ಹೊರಗೆ ಬರ್ತಾಳೆ?"

ಪೇಂಟರ್ ಮೆಟ್ಟಿಲ ಕಡೆ, ಆಮೇಲೆ ಗವಾಕ್ಷಿಯ ಕಡೆ ತಿರುಗಿ ನೋಡಿದ. ಇಷ್ಟು ವರ್ಷ ಗೋಡೆಯ ಮುಖವನ್ನಷ್ಟೇ ನೋಡಿದ್ದ, ಬಾಗಿಲು ಎಣಿಸಿರಲಿಲ್ಲ.

ಗವಾಕ್ಷಿ ದೊಡ್ಡದು ಮಾಡಲು ಗೋಡೆ ಒಡೆಯುವ ಮುಂಚೆ ಎಂಜಿನಿಯರ್‌ಗೆ ತೋರಿಸಿದ. ಅವರು ಗುರುತು ಹಾಕಿಕೊಟ್ಟ ಕಡೆ, ಗವಾಕ್ಷಿಯ ಜಾಗದಲ್ಲಿ, ಒಬ್ಬರು ಆರಾಮಾಗಿ ದಾಟುವಷ್ಟು ದೊಡ್ಡ ಕಿಟಕಿ ಕೂತಿತು. ಬಣ್ಣ ಬಿದ್ದದ್ದು ಎಲ್ಲದರ ಕೊನೆಗೆ, ಒಂದೇ ಸಲ.

ಮಗಳು ಪುಸ್ತಕ ಇಳಿಸಿಕೊಂಡ ದಿನ ಅಪ್ಪ ಹೇಳಿದ: "ಮೆಟ್ಟಿಲು ಇಲ್ಲ ಅಂತ ತಿಳ್ಕೊಂಡು ಹೊರಗೆ ಬಾ, ನೋಡೋಣ." ಅವನು ಮೇಲೆ ಕಾದು ನಿಂತ. ಅರ್ಧ ನಿಮಿಷವಾಗಿರಬೇಕು, ಮುಂಬಾಗಿಲ ಗಂಟೆ ಸದ್ದಾಯಿತು. ತರಚಿದ ಮೊಣಕೈ ಉಜ್ಜಿಕೊಳ್ಳುತ್ತ ಮಗಳು ನಿಂತಿದ್ದಳು.

"ಬಂದೆ ಅಪ್ಪಾ. ಆದ್ರೆ ಅಜ್ಜಿ ಕೆಳಗೆ ಬಂದಾಗ ಅವಳೂ ದಾಟಬೇಕಲ್ವಾ? ಕಿಟಕಿ ಕೆಳಗೆ ಎರಡು ಮೆಟ್ಟಿಲು ಕಟ್ಟಿಸು."

ಅವನು ಅಳತೆ ಟೇಪು ತೆಗೆದುಕೊಂಡು ಕೆಳಗಿಳಿದ.

ನಿಮ್ಮ ಮನೆಯಲ್ಲೂ ಹೀಗೆ ಬಿದ್ದಿರುವ ಒಂದು ನೆಲಮಾಳಿಗೆ ಇದೆಯೇ? ಅದು ಚಂದದ ಕೋಣೆಯಾಗಲಿ. ಆದರೆ ಬಣ್ಣದ ಡಬ್ಬಕ್ಕೆ ಮುಂಚೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ. ಮಳೆನೀರು ಯಾವ ಕಡೆ ಓಡುತ್ತದೆ ನೋಡಿ. ಗಾಳಿ ಬರಲಿ. ಅಲ್ಲಿ ಮಲಗುವವರಿಗೆ ಹೊರಬರಲು ಇನ್ನೊಂದು ದಾರಿ ಇರಲಿ, ಆ ದಾರಿಯಲ್ಲಿ ನೀವೇ ಒಮ್ಮೆ ಹೊರಗೆ ಬಂದು ನೋಡಿ.